ಗೇಟು ಏರಿಸುವ ಮೊದಲು ಅಹವಾಲು ಕೇಳಿ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಕ್ರೆಸ್ಟ್ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಅಲ್ಲಿಂದೀಚೆಗೆ ನಮ್ಮ ನೀರಾವರಿ ಆಡಳಿತದ ಭಾಷೆಯಲ್ಲಿ ಮೂರು ಪದಗಳು ಹೊಸ ಹುರುಪಿನಿಂದ ಓಡಾಡುತ್ತಿವೆ: ಬಲವರ್ಧನೆ, ಆಧುನೀಕರಣ, ಉನ್ನತೀಕರಣ. ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವುದು ರೂಢಿಯಾಗಿದೆ. ಆದರೆ ಈ ಮೂರರ ಅರ್ಥ ಒಂದೇ ಅಲ್ಲ. ಒಂದು ಪದದ ಬದಲು ಇನ್ನೊಂದನ್ನು ಬಳಸಿದರೆ ಸಾವಿರಾರು ಕುಟುಂಬಗಳಿಗೆ ಬಾಯಿ ತೆರೆಯುವ ಅವಕಾಶವೇ ತಪ್ಪಿಹೋಗಬಹುದು ಎಂಬುದನ್ನು ಮಲೆನಾಡಿನ ನಾವು ಚೆನ್ನಾಗಿ ತಿಳಿದಿರಬೇಕು.

ಹಳೆಯ ಅಣೆಕಟ್ಟಿನ ದುರಸ್ತಿಗೆ ಯಾರ ವಿರೋಧವೂ ಇರಲಾರದು. 1953ರಲ್ಲಿ ಪೂರ್ಣಗೊಂಡ ತುಂಗಭದ್ರೆಯ 33 ಗೇಟುಗಳ ಪೈಕಿ ಒಂದು ಹೋಗಿದ್ದಕ್ಕೇ, ತಡೆಹಲಗೆ ಇಳಿಸುವಷ್ಟರಲ್ಲಿ ಮೂವತ್ತು ಟಿಎಂಸಿಗೂ ಹೆಚ್ಚು ನೀರು ಹರಿದುಹೋಯಿತು. ಮರುವರ್ಷದ, ಅಂದರೆ 2025ರ ಮಳೆಗಾಲದಲ್ಲಿ, ಸುರಕ್ಷತೆಯ ದೃಷ್ಟಿಯಿಂದ ಸಂಗ್ರಹವನ್ನು 80 ಟಿಎಂಸಿಗೆ ಮಿತಗೊಳಿಸಬೇಕಾಯಿತು. ಇಂಥ ಗೇಟುಗಳನ್ನು ಬದಲಿಸಲು ಪರಿಸರ ಅನುಮತಿಯ ಕಡತವನ್ನು ವರ್ಷಗಟ್ಟಲೆ ಅಲೆಸುವುದು ಅವಿವೇಕ. ನೀರಿನ ಅಂಚು ಎಲ್ಲಿತ್ತೋ ಅಲ್ಲಿಯೇ ಇರುವ, ಹೊರಬಿಡುವ ನೀರಿನ ಪ್ರಮಾಣವೂ ಕಾಲವೂ ಬದಲಾಗದ ಕಾಮಗಾರಿ ಬಲವರ್ಧನೆ. ಅದಕ್ಕೆ ಅನುಮತಿ ಬೇಗ ಸಿಗಲಿ. ಆದರೆ ನೀರಿನ ಅಂಚು ಒಂದು ಗೇಣು ಮೇಲೆ ಸರಿದರೂ ಅದು ದುರಸ್ತಿಯಲ್ಲ, ಹೊಸ ಯೋಜನೆ. ಅದರ ಕಲ್ಲು ಹಳೆಯದಿರಬಹುದು, ಹೆಸರು ಹಳೆಯದಿರಬಹುದು, ಮುಳುಗುವ ಮನೆ ಮಾತ್ರ ಹೊಸದು.

ಕಾನೂನಿನಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿದೆಯೇ? ಇಲ್ಲ. 2006ರ ಸೆಪ್ಟೆಂಬರ್ 14ರಂದು ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆಯೇ ಇಂದಿಗೂ ಆಧಾರ. ಅದರಲ್ಲಿ ಸಾರ್ವಜನಿಕ ಸಮಾಲೋಚನೆಯಿಂದ ವಿನಾಯಿತಿ ಪಡೆದವುಗಳ ಪಟ್ಟಿಯೊಂದಿದ್ದು, ಪಟ್ಟಿಯ ಮೊದಲನೆಯ ಸಾಲಿನಲ್ಲಿಯೇ ನೀರಾವರಿ ಯೋಜನೆಗಳ ಆಧುನೀಕರಣವಿದೆ. ಹೊಸ ಜಮೀನು ಸ್ವಾಧೀನವಿಲ್ಲದಿದ್ದರೆ ಮಾತ್ರ ಎಂಬ ಷರತ್ತನ್ನು ಹೆದ್ದಾರಿ ವಿಸ್ತರಣೆಗೆ ಹಾಕಿದ ಅಧಿಸೂಚನೆ, ನೀರಾವರಿಗೆ ಅಂಥ ಷರತ್ತನ್ನು ಹಾಕಲಿಲ್ಲ. ರಸ್ತೆಯ ಪಕ್ಕದ ಒಂದು ಗುಂಟೆಗಿರುವ ಕಾಳಜಿ ನದಿಯ ಪಕ್ಕದ ಎಕರೆಗಳಿಗೆ ಏಕಿಲ್ಲವೋ ತಿಳಿಯದು. ಇದಲ್ಲದೆ, ಮೊದಲೇ ಅನುಮತಿ ಪಡೆದ ಯೋಜನೆಯನ್ನು ವಿಸ್ತರಿಸುವಾಗ ಅಥವಾ ಆಧುನೀಕರಿಸುವಾಗ ಅಧ್ಯಯನ, ಅಹವಾಲುಗಳು ಎಷ್ಟರಮಟ್ಟಿಗೆ ಬೇಕು ಎಂಬುದನ್ನು ತಜ್ಞರ ಸಮಿತಿಯೇ ತೀರ್ಮಾನಿಸಬಹುದು. ದೆಹಲಿಯ ಕೋಣೆಯಲ್ಲಿ ಕುಳಿತ ಸಮಿತಿ ಯಾವ ಪದವನ್ನು ಒಪ್ಪಿಕೊಳ್ಳುತ್ತದೆ ಎಂಬುದರ ಮೇಲೆ ಇಲ್ಲಿಯ ಜನರ ಹಕ್ಕು ನಿಂತಿದೆ.

ಹೆಸರಿನ ಈ ಮಹಿಮೆಯನ್ನು ನಾವು ಘಟ್ಟದವರು ಕಂಡವರೇ. ಸಕಲೇಶಪುರದ ಮಳೆಕಾಡುಗಳ ಹಳ್ಳಗಳನ್ನು ತಿರುಗಿಸುವ ಎತ್ತಿನಹೊಳೆ ಯೋಜನೆಯನ್ನು ಕುಡಿಯುವ ನೀರಿನ ಯೋಜನೆಯೆಂದು ಕರೆದದ್ದರಿಂದ, ಅದಕ್ಕೆ 2006ರ ಅಧಿಸೂಚನೆಯಡಿ ಪರಿಸರ ಅನುಮತಿಯೇ ಬೇಡವೆಂದಾಯಿತು. ಮಹದಾಯಿ ಕಣಿವೆಯ ಕಳಸಾ ಬಂಡೂರಿಯೂ ಇದೇ ಹೆಸರಿನಲ್ಲಿ 2019ರ ಅಕ್ಟೋಬರಿನಲ್ಲಿ ವಿನಾಯಿತಿಯ ಪತ್ರ ಪಡೆಯಿತು. ಗೋವೆಯ ಗದ್ದಲದ ನಂತರ ಅದೇ ವರ್ಷದ ಡಿಸೆಂಬರಿನಲ್ಲಿ ಆ ಪತ್ರವನ್ನು ತಡೆಹಿಡಿಯಲಾಯಿತು. ಶರಾವತಿಯಲ್ಲಿ ತಳಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಗೆ ಕೊಡುವ ದೊಡ್ಡ ಸಮರ್ಥನೆಯೂ ಎರಡೂ ಜಲಾಶಯಗಳು ಹಳೆಯವು, ಹೊಸ ಅಣೆಕಟ್ಟಿಲ್ಲ ಎಂಬುದೇ. ಅಲ್ಲಿ ಅಹವಾಲು ನಡೆದದ್ದರಿಂದ ಸಿಂಗಳೀಕದ ಕಾಡಿನ ಮಾತೂ ಜನರ ಮಾತೂ ಕಡತಕ್ಕೆ ಸೇರಿದವು.

ಈಗ ವಿಷಯಕ್ಕೆ ಬರುತ್ತೇನೆ. ಆಲಮಟ್ಟಿ ಅಣೆಕಟ್ಟಿನ 26 ಗೇಟುಗಳನ್ನು ಎತ್ತರಿಸಿ, ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವುದು ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೆಯ ಹಂತದ ತಿರುಳು. ವ್ಯತ್ಯಾಸ 4.656 ಮೀಟರು, ಅಂದರೆ ಎರಡು ಆಳಿಗಿಂತ ತುಸು ಹೆಚ್ಚು. ಕಾಗದದ ಮೇಲೆ ಇದು ಗೇಟಿನ ಕೆಲಸ. ನೆಲದ ಮೇಲೆ ಹಿನ್ನೀರಿಗೆ ಬೇಕಾಗುವುದು 75,563 ಎಕರೆ, 20 ಹಳ್ಳಿ, ಬಾಗಲಕೋಟೆ ಪಟ್ಟಣದ 11 ವಾರ್ಡು. ಕಾಲುವೆ, ಪುನರ್ವಸತಿ ಎಲ್ಲ ಸೇರಿ ಸ್ವಾಧೀನವಾಗಬೇಕಾದದ್ದು 1,33,867 ಎಕರೆ. ಕಬ್ಬಿಣದ ತಗಡಿನ ಉದ್ದಗಲವನ್ನು ಅಳೆದು ಯೋಜನೆಯ ಗಾತ್ರವನ್ನು ನಿರ್ಧರಿಸುವುದಾದರೆ ಇದಕ್ಕಿಂತ ಚಿಕ್ಕ ಯೋಜನೆ ಇನ್ನೊಂದಿಲ್ಲ.

ಇದರ ಚರಿತ್ರೆ ದೀರ್ಘವಾದದ್ದು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದರು. 2000ದ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಎತ್ತರವನ್ನು 519.6 ಮೀಟರಿಗೆ ಸೀಮಿತಗೊಳಿಸಿತು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಅಣೆಕಟ್ಟನ್ನು ಲೋಕಾರ್ಪಣೆ ಮಾಡಿದರು. ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ಅಧ್ಯಕ್ಷತೆಯ ಎರಡನೆಯ ನ್ಯಾಯಮಂಡಳಿ 2010ರ ಡಿಸೆಂಬರಿನಲ್ಲಿ 524.256 ಮೀಟರಿಗೆ ಒಪ್ಪಿಗೆ ನೀಡಿ, ಮೂರನೆಯ ಹಂತಕ್ಕೆ 130 ಟಿಎಂಸಿ ಹಂಚಿತು. 2013ರ ನವೆಂಬರಿನಲ್ಲಿ ತನ್ನ ನಿಲುವನ್ನು ಪುನರುಚ್ಚರಿಸಿತು. ಆದರೆ 2011ರ ಸೆಪ್ಟೆಂಬರಿನ ಸುಪ್ರೀಂ ಕೋರ್ಟ್ ಆದೇಶದಿಂದಾಗಿ 2025ರವರೆಗೂ ಅದು ಗೆಜೆಟ್ ಮುಖ ಕಂಡಿರಲಿಲ್ಲ. ಅದರ ನಡುವೆಯೇ 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟವು ಮುಳುಗಡೆಯ ಜಮೀನಿಗೆ ಎಕರೆಗೆ ನೀರಾವರಿಯಾದರೆ 40 ಲಕ್ಷ, ಒಣಬೇಸಾಯವಾದರೆ 30 ಲಕ್ಷ ರೂಪಾಯಿ ಪರಿಹಾರವನ್ನು ನಿಗದಿಮಾಡಿತು. ಬೆಲೆ ನಿಗದಿಯಾದ ಮೇಲೆ ಜನರ ಅಭಿಪ್ರಾಯ ಕೇಳಲು ಹೊರಟರೆ, ಸಭೆಯಲ್ಲಿ ಬೆಲೆಯ ಮಾತಲ್ಲದೆ ಬೇರೆ ಮಾತು ಕೇಳಿಬರುವುದು ಕಷ್ಟ.

ಇಷ್ಟು ಓದಿದ ಮಲೆನಾಡಿನ ವಿದ್ಯಾರ್ಥಿಯೊಬ್ಬ, ಹಾಗಾದರೆ ಎತ್ತರಿಸುವುದೇ ಬೇಡವೆಂದು ಹೇಳಬಹುದಲ್ಲ ಎಂದಾನು. ಹಾಗೆ ಹೇಳಲು ನನಗೆ ಮನಸ್ಸಿಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರು ಮಳೆ ಬೀಳುವ ಊರಿನಲ್ಲಿ ಕುಳಿತು, ಆರುನೂರು ಮಿಲಿಮೀಟರಿನ ಆಸುಪಾಸಿನಲ್ಲಿ ಬದುಕುವವರಿಗೆ ನೀರು ಬೇಡವೆಂದು ಹೇಳುವ ಅಧಿಕಾರ ನಮಗೆ ಯಾರು ಕೊಟ್ಟರು? ಸಿಂದಗಿಯಿಂದ ಜೇವರ್ಗಿಯ ಕಡೆ ಹೋಗುವ ದಾರಿಯಲ್ಲಿ ಮೋರಟಗಿ ಇದೆ. ಸುತ್ತಲೂ ಎರೆ ಭೂಮಿ, ಬಿಳಿಜೋಳ, ತೊಗರಿ, ಕಡಲೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ತಾಲ್ಲೂಕುಗಳ ರೈತರು ಕೃಷ್ಣೆಯ ನೀರಿನ ಮಾತನ್ನು ಅಜ್ಜನ ಕಾಲದಿಂದ ಕೇಳುತ್ತ ಬಂದವರು. ಮುಳವಾಡ, ಚಿಮ್ಮಲಗಿ, ಇಂಡಿ ಏತ ನೀರಾವರಿಗಳೆಲ್ಲ ಮೂರನೆಯ ಹಂತದ ಭಾಗಗಳು. ಕಾಲುವೆ ಅಗೆದಲ್ಲಿಯೂ ಕೊನೆಯ ಅಂಚಿನ ಹೊಲಕ್ಕೆ ನೀರು ಮುಟ್ಟುವುದಿಲ್ಲವೆಂಬ ದೂರು ಆ ಭಾಗದಲ್ಲಿ ಹಳೆಯದು. ಗುಳೆ ಹೋಗುವವರ ಊರುಗಳವು. ಮುಳುಗುವವರ ಕಣ್ಣೀರು ನಮಗೆ ಕಾಣುತ್ತದೆ. ಕಾಯುವವರ ಬಾಯಾರಿಕೆ ಕಾಣದಿದ್ದರೆ ನಮ್ಮ ಪರಿಸರ ಪ್ರೇಮ ಅರ್ಧ ಕುರುಡಾಗುತ್ತದೆ.

ನನ್ನ ವಾದವೇ ಬೇರೆ. ಸಾರ್ವಜನಿಕ ಅಹವಾಲೆಂದರೆ ಮುಳುಗುವವರು ಅತ್ತು ಹಗುರಾಗುವ ಸಭೆಯೆಂದು ಎಲ್ಲರೂ ತಿಳಿದಂತಿದೆ. ನೀರು ಪಡೆಯುವವರು ಅಲ್ಲಿ ಇರಬೇಕಾದದ್ದು ಅಷ್ಟೇ ಅಗತ್ಯ. ಏಕೆಂದರೆ ಜಲಾಶಯದ ಪರಿಣಾಮ ಹಿನ್ನೀರಿನಲ್ಲಿ ಮೊದಲ ವರ್ಷವೇ ಕಂಡರೆ, ಅಚ್ಚುಕಟ್ಟಿನಲ್ಲಿ ಹದಿನೈದು ಇಪ್ಪತ್ತು ವರ್ಷಕ್ಕೆ ಕಾಣುತ್ತದೆ. ಅಷ್ಟರಲ್ಲಿ ಅನುಮತಿಯ ಕಡತ ಗೆದ್ದಲಿಗೆ ಸೇರಿರುತ್ತದೆ.

ಎರೆ ಮಣ್ಣಿನ ಗುಣವನ್ನು ಸ್ವಲ್ಪ ವಿವರಿಸಬೇಕು. ಈ ಮಣ್ಣಿನ ಅರ್ಧದಷ್ಟೋ ಅದಕ್ಕಿಂತ ಹೆಚ್ಚೋ ಜೇಡಿ. ಒಣಗಿದಾಗ ಕೈ ತೂರುವಷ್ಟು ಬಿರುಕು ಬಿಡುತ್ತದೆ, ನೆನೆದಾಗ ಉಬ್ಬಿ ಮುಚ್ಚಿಕೊಳ್ಳುತ್ತದೆ. ಮುಂಗಾರಿನ ನೀರನ್ನು ತನ್ನೊಳಗೆ ಹಿಡಿದಿಟ್ಟುಕೊಂಡು, ಹಿಂಗಾರಿಯಲ್ಲಿ ಮಳೆಯಿಲ್ಲದೆಯೂ ಜೋಳವನ್ನು ತೆನೆಗೆ ತರುವುದು ಇದರ ಹಿರಿಮೆ. ಅದೇ ಗುಣ ನೀರಾವರಿಯಲ್ಲಿ ಶತ್ರುವಾಗುತ್ತದೆ. ಒಮ್ಮೆ ಉಬ್ಬಿ ಮುಚ್ಚಿಕೊಂಡ ಮಣ್ಣಿನಲ್ಲಿ ನೀರು ಕೆಳಕ್ಕೆ ಇಳಿಯುವುದು ಅತಿ ನಿಧಾನ. ಇಳಿದದ್ದು ಕೆಳಗಿನ ಗಟ್ಟಿ ಪದರದ ಮೇಲೆ ನಿಲ್ಲುತ್ತದೆ. ನೆಲದೊಳಗಿನ ನೀರಿನ ಮಟ್ಟ ವರ್ಷದಿಂದ ವರ್ಷಕ್ಕೆ ಮೇಲೇರಿ, ಒಂದೂವರೆ ಎರಡು ಮೀಟರಿನೊಳಕ್ಕೆ ಬಂದಿತೆಂದರೆ, ದೀಪದ ಬತ್ತಿ ಎಣ್ಣೆಯನ್ನು ಎಳೆಯುವಂತೆ ಮಣ್ಣು ಆ ನೀರನ್ನು ಮೇಲಕ್ಕೆ ಎಳೆಯುತ್ತದೆ. ಬಿಸಿಲಿಗೆ ನೀರು ಆರಿ ಉಪ್ಪು ಉಳಿಯುತ್ತದೆ.

ಎಷ್ಟು ಉಪ್ಪು? ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಲಿ. ಒಂದು ಲೀಟರು ನೀರಿನಲ್ಲಿ 300 ಮಿಲಿಗ್ರಾಂ ಲವಣ ಕರಗಿದೆಯೆನ್ನೋಣ. ಕುಡಿದರೆ ಸಿಹಿನೀರೆನ್ನುವಂಥ ನೀರೇ ಅದು. ಒಂದು ಬೆಳೆಗೆ ಒಟ್ಟು 60 ಸೆಂಟಿಮೀಟರು ಆಳದಷ್ಟು ನೀರು ಹಾಯಿಸಿದರೆ ಹೆಕ್ಟೇರಿಗೆ 60 ಲಕ್ಷ ಲೀಟರು. ಅದರೊಂದಿಗೆ ಹೊಲಕ್ಕೆ ಬಂದ ಲವಣ 1.8 ಟನ್, ಎಕರೆಗೆ ಹತ್ತಿರ ಹತ್ತಿರ ಮುಕ್ಕಾಲು ಟನ್. ಬೆಳೆ ನೀರನ್ನು ಕುಡಿಯುತ್ತದೆ, ಉಪ್ಪಿನ ಬಹುಪಾಲನ್ನು ಬಿಟ್ಟುಬಿಡುತ್ತದೆ. ಹೊರಹೋಗಲು ಬಸಿಗಾಲುವೆ ಇಲ್ಲದಿದ್ದರೆ ಪ್ರತಿ ವರ್ಷವೂ ಇಷ್ಟೇ ಉಪ್ಪನ್ನು ನಾವೇ ಹೊತ್ತು ತಂದು ಸುರಿದಂತೆ. ಕಬ್ಬಿಗೂ ಭತ್ತಕ್ಕೂ ಹಾಯಿಸುವ ನೀರು ಇದಕ್ಕಿಂತ ಎಷ್ಟೋ ಹೆಚ್ಚು.

ಇದು ಪುಸ್ತಕದ ಭಯವಲ್ಲ. ತುಂಗಭದ್ರೆಯ ಅಚ್ಚುಕಟ್ಟಿನಲ್ಲಿ, ಗಂಗಾವತಿ, ಸಿಂಧನೂರುಗಳ ಕಡೆ, ಹತ್ತಾರು ಸಾವಿರ ಹೆಕ್ಟೇರು ಸವಳು ಜವಳಾಗಿದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಈ ರೋಗಕ್ಕಾಗಿಯೇ ದಶಕಗಳಿಂದ ಸಂಶೋಧನೆ ನಡೆಯುತ್ತಿದೆ. ನೆಲದಡಿ ರಂಧ್ರದ ಕೊಳವೆ ಹೂಳಿ ನೀರು ಬಸಿಯುವ ವಿಧಾನ ಫಲ ಕೊಡುತ್ತದೆಯೆಂಬುದೂ ಗೊತ್ತಾಗಿದೆ. ಆದರೆ ಕೆಟ್ಟ ಮೇಲೆ ಮಾಡುವ ಈ ಚಿಕಿತ್ಸೆಯ ಖರ್ಚನ್ನು ಒಬ್ಬ ಸಣ್ಣ ರೈತ ಹೊರಲಾರ. ಹೊತ್ತರೂ ಅವನ ಹೊಲದಿಂದ ಬಸಿದ ಉಪ್ಪುನೀರು ಪಕ್ಕದವನ ಹೊಲಕ್ಕೆ ಹೋಗದಂತೆ ಒಯ್ಯುವ ದೊಡ್ಡ ಬಸಿಗಾಲುವೆ ಊರಿಗೊಂದು ಬೇಕು. ಕೃಷ್ಣಾ ಮೇಲ್ದಂಡೆ ಯೋಜನೆಯನ್ನು ರೂಪಿಸಿದ್ದು ಲಘು ನೀರಾವರಿ ಬೆಳೆಗಳಿಗೆ. ನಾರಾಯಣಪುರ ಎಡದಂಡೆಯ ಮೇಲ್ಭಾಗದಲ್ಲಿ, ಸುರಪುರ, ಶಹಾಪುರಗಳಲ್ಲಿ, ಕಾಗದದಲ್ಲಿ ನಿಷಿದ್ಧವಾದ ಭತ್ತ ಗದ್ದೆಯಲ್ಲಿ ತೂಗುತ್ತಿದೆ. ಅಲ್ಲಿ ಮೇಲಿನವರ ಹೊಲ ಜವಳಾಗುತ್ತದೆ, ಕೆಳಗಿನವರ ಹೊಲ ಒಣಗುತ್ತದೆ. ಒಂದೇ ಕಾಲುವೆ ಎರಡು ಬಗೆಯ ಬಡತನವನ್ನು ಹಂಚುತ್ತಿದೆ.

ಮೂರನೆಯ ಹಂತ 5.94 ಲಕ್ಷ ಹೆಕ್ಟೇರಿಗೆ ನೀರುಣಿಸುವ ಯೋಜನೆ. ಇದರಲ್ಲಿ ಬಸಿಗಾಲುವೆಗಳ ಪಾಲೆಷ್ಟು? ಯಾವ ಹೊಲದ ಮಣ್ಣು ಎಷ್ಟು ಆಳ, ಎಲ್ಲಿ ಗಟ್ಟಿ ಪದರವಿದೆ, ನೆಲದೊಳಗಿನ ನೀರು ಇಂದು ಎಷ್ಟು ಕೆಳಗಿದೆ? ನೀರು ಹರಿಯುವ ಮೊದಲೇ ಅಳೆದು ಬರೆದಿಡಬೇಕಾದ ಸಂಗತಿಗಳಿವು. ನೀರು ಬಂದ ಮೇಲೆ ಹಿಂದಿನ ಸ್ಥಿತಿ ಹೇಗಿತ್ತೆಂದು ಯಾರೂ ಸಾಧಿಸಲಾರರು. ಪರಿಸರ ಅನುಮತಿಯ ಷರತ್ತಿನಲ್ಲಿ ಬಸಿಗಾಲುವೆ ಕಾಲುವೆಯ ಜೊತೆಜೊತೆಗೇ ಆಗಬೇಕು ಎಂಬ ಒಂದು ವಾಕ್ಯ ಸೇರಿದರೆ, ಅದು ಮೋರಟಗಿಯ ರೈತನ ಮೊಮ್ಮಗನಿಗೆ ಉಪಯೋಗಕ್ಕೆ ಬರುತ್ತದೆ. ಅಹವಾಲಿನಲ್ಲಿ ಯಾರೂ ಕೇಳದಿದ್ದರೆ ಆ ವಾಕ್ಯ ತಾನಾಗಿ ಸೇರುವುದಿಲ್ಲ.

ಹಿನ್ನೀರಿನ ಕಡೆಯೂ ಲೆಕ್ಕಕ್ಕೆ ಸಿಗದ ಬದುಕಿದೆ. ಬೇಸಿಗೆಯತ್ತ ನೀರು ಸರಿದಂತೆ ಬಯಲಾಗುವ ಹಸಿ ನೆಲದಲ್ಲಿ ಕಡಲೆ, ಜೋಳ ಬಿತ್ತಿಕೊಳ್ಳುವವರಿದ್ದಾರೆ. ಅವರಲ್ಲಿ ಪಟ್ಟಾ ಇಲ್ಲದವರೇ ಹೆಚ್ಚು. ಅದೇ ಕೆಸರಿನ ಅಂಚಿಗೆ ರಾಜಹಂಸಗಳೂ ಪಟ್ಟೆತಲೆ ಹೆಬ್ಬಾತುಗಳೂ ಚಳಿಗಾಲದಲ್ಲಿ ಬರುತ್ತವೆ. ಅಂಚು ಎರಡು ಆಳು ಮೇಲೆ ಸರಿದರೆ ಈ ಅಂಚಿನ ಬದುಕು ಎಲ್ಲಿಗೆ ಸರಿಯಬೇಕು? ಗಡಿಯಾಚೆಯ ಸಾಂಗ್ಲಿಯವರು 2005 ಮತ್ತು 2019ರ ಪ್ರವಾಹಗಳನ್ನು ನೆನೆದು ಆಲಮಟ್ಟಿಯತ್ತ ಬೆರಳು ತೋರುತ್ತಾರೆ. ಆ ಆರೋಪ ಸರಿಯೋ ತಪ್ಪೋ, ಉತ್ತರ ಕೊಡಬೇಕಾದದ್ದು ರಾಜಕೀಯ ಭಾಷಣದಿಂದಲ್ಲ, ಹಿನ್ನೀರಿನ ಅಂಕಿಅಂಶಗಳನ್ನು ಎಲ್ಲರ ಮುಂದೆ ತೆರೆದಿಟ್ಟು. ಹಿಂದಿನ ಹಂತಗಳಲ್ಲಿ ಮುಳುಗಿದ ಊರುಗಳ ಪುನರ್ವಸತಿ ಕೇಂದ್ರಗಳಿಗೆ ಹೋಗಿ ಬಂದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. 1964ರ ಲಿಂಗನಮಕ್ಕಿಯ ಸಂತ್ರಸ್ತರು ಆರು ದಶಕಗಳ ನಂತರವೂ ಹಕ್ಕುಪತ್ರಕ್ಕೆ ಅಲೆಯುತ್ತಿರುವ ಜಿಲ್ಲೆಯಿಂದ ಬಂದ ಓದುಗರಿಗಂತೂ ಬೇಕಿಲ್ಲ.

ಇನ್ನು ಅಹವಾಲಿನ ರೀತಿನೀತಿ. ನಿಯಮದ ಪ್ರಕಾರ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಅಧ್ಯಯನದ ಕರಡು ವರದಿ ಜಿಲ್ಲಾಧಿಕಾರಿಗಳ ಕಚೇರಿ, ಜಿಲ್ಲಾ ಪಂಚಾಯಿತಿ ಮೊದಲಾದೆಡೆ ಓದಲು ಸಿಗಬೇಕು. ಸಭೆಗೆ ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿಗೆ ಕಡಿಮೆಯಲ್ಲದ ಪ್ರತಿನಿಧಿ ಅಧ್ಯಕ್ಷತೆ ವಹಿಸಬೇಕು. ಹಾಜರಾದ ಪ್ರತಿಯೊಬ್ಬರಿಗೂ ಪ್ರಶ್ನಿಸುವ ಹಕ್ಕಿದೆ. ಕೊನೆಯಲ್ಲಿ ನಡಾವಳಿಯ ಸಾರವನ್ನು ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು. ಇಡೀ ಸಭೆಯನ್ನು ವಿಡಿಯೋದಲ್ಲಿ ದಾಖಲಿಸಬೇಕು. ಸಭೆಗೆ ಬರಲಾಗದವರು ಲಿಖಿತವಾಗಿ ಕಳಿಸಬಹುದು. ಆದರೆ ಇದೇ ನಿಯಮದಲ್ಲಿ ಕೋರಂ ಬೇಕಿಲ್ಲ ಎಂಬ ಮಾತೂ ಇದೆ. ಖಾಲಿ ಕುರ್ಚಿಗಳ ಮುಂದೆಯೂ ಅಹವಾಲು ಕಾನೂನುಬದ್ಧವಾಗಿ ಮುಗಿಯುತ್ತದೆ!

ಭಾಷೆಯ ಪ್ರಶ್ನೆ ಇದಕ್ಕಿಂತ ಗಂಭೀರ. ಕನ್ನಡದಲ್ಲಿ ಕೊಡಬೇಕಾದದ್ದು ವರದಿಯ ಸಾರಾಂಶ ಮಾತ್ರ. ನೂರಾರು ಪುಟಗಳ ಮೂಲ ವರದಿ ಇಂಗ್ಲಿಷಿನಲ್ಲಿರುತ್ತದೆ. ಅದನ್ನು ಬರೆಯುವ ಸಲಹಾ ಸಂಸ್ಥೆಗೆ ಸಂಬಳ ಕೊಡುವವರು ಯೋಜನೆಯ ಒಡೆಯರೇ. 2020ರಲ್ಲಿ ಕೇಂದ್ರವು ಈ ಅಧಿಸೂಚನೆಯನ್ನೇ ಬದಲಿಸಲು ಕರಡು ತಂದಾಗ, ಅದನ್ನು ಜನರ ಭಾಷೆಗಳಲ್ಲಿ ಪ್ರಕಟಿಸಿಲ್ಲವೆಂಬ ಕಾರಣಕ್ಕೆ ದೆಹಲಿ ಹೈಕೋರ್ಟು 22 ಭಾಷೆಗಳಿಗೆ ಅನುವಾದಿಸಲು ಹೇಳಿತು. ನಮ್ಮ ಕರ್ನಾಟಕ ಹೈಕೋರ್ಟು ಅಂತಿಮ ಅಧಿಸೂಚನೆಗೇ ತಡೆ ನೀಡಿತ್ತು. ಕಾನೂನಿನ ಕರಡೇ ಕನ್ನಡದಲ್ಲಿ ಬೇಕೆನ್ನುವುದು ನ್ಯಾಯವಾದರೆ, ತನ್ನ ಹೊಲದ ಸರ್ವೆ ನಂಬರು ಇರುವ ವರದಿ ಕನ್ನಡದಲ್ಲಿ ಬೇಕೆಂದು ಮೋರಟಗಿಯವರೂ ಬಾಗಲಕೋಟೆಯವರೂ ಕೇಳುವುದು ಅತಿಯಾಸೆಯೇ?

ಆದ್ದರಿಂದ ನಮ್ಮ ಸಂಘಟನೆ ಈ ಕೆಲವು ಬೇಡಿಕೆಗಳ ಬೆನ್ನಿಗೆ ನಿಲ್ಲಬೇಕೆಂದು ನನ್ನ ಅಭಿಪ್ರಾಯ. ನೀರಿನ ಮಟ್ಟ ಏರುವ, ಜಮೀನು ಸ್ವಾಧೀನವಾಗುವ ಯಾವ ಕಾಮಗಾರಿಯನ್ನೂ ಆಧುನೀಕರಣವೆಂದು ಕರೆದು ಅಹವಾಲಿನಿಂದ ಹೊರಗಿಡಬಾರದು. ಸಭೆ ಜಿಲ್ಲಾ ಕೇಂದ್ರದ ಸಭಾಭವನದಲ್ಲಿ ಒಮ್ಮೆ ನಡೆದು ಮುಗಿಯಬಾರದು. ಹಿನ್ನೀರಿನ ಹಳ್ಳಿಗಳಲ್ಲಿ ನಡೆದಂತೆ ಅಚ್ಚುಕಟ್ಟಿನ ಪ್ರತಿ ತಾಲ್ಲೂಕಿನಲ್ಲೂ, ಕಾಲುವೆಯ ಕೊನೆಯಂಚಿನ ಊರುಗಳಲ್ಲೂ ನಡೆಯಬೇಕು. ವರದಿ ಪೂರ್ತಿಯಾಗಿ ಕನ್ನಡದಲ್ಲಿರಬೇಕು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಪ್ರತಿ ದೊಡ್ಡ ಅಣೆಕಟ್ಟಿಗೂ ತುರ್ತು ಕ್ರಿಯಾಯೋಜನೆ ಸಿದ್ಧಪಡಿಸಲು ಐದು ವರ್ಷದ ಗಡುವು ಕೊಟ್ಟಿದೆ. ಎತ್ತರಿಸಿದ ಗೇಟಿನ ಲೆಕ್ಕದಲ್ಲಿ ಆ ಯೋಜನೆಯೂ ಹೊಸದಾಗಿ ತಯಾರಾಗಿ, ನದಿಯಂಚಿನ ಪಂಚಾಯಿತಿಗಳ ಕೈಗೆ ಅನುಮತಿಗೆ ಮೊದಲೇ ಬರಬೇಕು.

ಅನುಮತಿ ದೊರೆತ ಮೇಲೂ ಕೆಲಸವಿದೆ. ಷರತ್ತುಗಳ ಪಾಲನೆಯ ವರದಿಯನ್ನು ಯೋಜನೆಯವರು ಆರು ತಿಂಗಳಿಗೊಮ್ಮೆ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ, ಸಲ್ಲಿಸಬೇಕಾಗುತ್ತದೆ. ಅವು ಸಾರ್ವಜನಿಕ ದಾಖಲೆಗಳು. ಅನುಮತಿಯ ವಿರುದ್ಧ ಹಸಿರು ನ್ಯಾಯಮಂಡಳಿಗೆ ಹೋಗಲು ಇರುವ ಕಾಲಾವಕಾಶ 30 ದಿನ, ಸಕಾರಣವಿದ್ದರೆ ಇನ್ನೂ 60 ದಿನ. ಕೃಷಿ ಮತ್ತು ಭೂವಿಜ್ಞಾನ ಓದುತ್ತಿರುವ ನಮ್ಮ ವಿದ್ಯಾರ್ಥಿಗಳು ಈ ರಜೆಯಲ್ಲಿ ಘಟ್ಟ ಹತ್ತುವ ಚಾರಣವನ್ನು ಒಂದು ವಾರ ಬಿಟ್ಟು, ಸಿಂದಗಿ, ಇಂಡಿಗಳ ಬಾವಿಗಳಲ್ಲಿ ನೀರಿನ ಮಟ್ಟವನ್ನು ಅಳೆದು, ದಿನಾಂಕ ಸಹಿತ ಬರೆದು, ಒಂದು ಪ್ರತಿಯನ್ನು ಆಯಾ ಗ್ರಾಮ ಪಂಚಾಯಿತಿಗೆ ಕೊಟ್ಟು ಬರಲಿ. ಹಗ್ಗ, ಅಳತೆಪಟ್ಟಿ, ಒಂದು ನೋಟುಪುಸ್ತಕ ಇದ್ದರೆ ಸಾಕು.